ಶಾಖೆಗಳಿಗೆ ತಂತ್ರಾಂಶ ವಿತರಣೆ: ಮೊದಲು ಗಡಿ ಗುರುತಾಗಲಿ

ಸರಕು ಮತ್ತು ಸೇವಾ ತೆರಿಗೆ ಮಂಡಳಿಯು 2025ರ ಸೆಪ್ಟೆಂಬರ್ 3ರಂದು ನಡೆದ ತನ್ನ 56ನೆಯ ಸಭೆಯಲ್ಲಿ ತೆರಿಗೆ ದರಗಳನ್ನು ಪುನರ್‌ರಚಿಸಿ, ಶೇ. 5 ಮತ್ತು ಶೇ. 18ರ ಎರಡು ಮುಖ್ಯ ಹಂತಗಳನ್ನು ಉಳಿಸಿಕೊಂಡಿತು. ಬಹುತೇಕ ಸರಕುಗಳಿಗೆ ಹೊಸ ದರಗಳು ಅದೇ ತಿಂಗಳ 22ರಿಂದ ಜಾರಿಗೆ ಬಂದವು. ವರ್ತಕರಿಗೆ ದೊರೆತ ಕಾಲಾವಕಾಶ ಕೇವಲ 19 ದಿನ. ನೋಟ್‌ಪುಸ್ತಕದ ಮೇಲಿನ ತೆರಿಗೆ ಶೇ. 12ರಿಂದ ಶೂನ್ಯಕ್ಕೆ ಇಳಿಯಿತು. ಸಾಬೂನು ಮತ್ತು ತಲೆಗೆಣ್ಣೆಯ ಮೇಲಿನದು ಶೇ. 18ರಿಂದ ಶೇ. 5ಕ್ಕೆ ಬಂದಿತು. ಭಾನುವಾರ ಬಾಗಿಲು ಮುಚ್ಚಿದ್ದ ಅಂಗಡಿಯು ಸೋಮವಾರ, ನವರಾತ್ರಿಯ ಮೊದಲ ದಿನ, ಬಾಗಿಲು ತೆರೆಯುವ ವೇಳೆಗೆ ಅದರ ಪ್ರತಿಯೊಂದು ಬಿಲ್ಲಿಂಗ್ ಯಂತ್ರದಲ್ಲಿಯೂ ಹೊಸ ದರಪಟ್ಟಿ ಇರಬೇಕಾಗಿತ್ತು.

ಒಂದೇ ಅಂಗಡಿ, ಎರಡೇ ಯಂತ್ರ ಇರುವವರಿಗೆ ಇದು ಅರ್ಧ ಗಂಟೆಯ ಕೆಲಸ. ಆದರೆ ಮಾಮೂಲ್‌ಪೇಟೆಯಲ್ಲಿ ಪ್ರಧಾನ ಮಳಿಗೆ, ಪೀಣ್ಯದಲ್ಲಿ ತಯಾರಿಕಾ ಘಟಕ, ನೆಲಮಂಗಲದ ಬಳಿ ಗೋದಾಮು, ದಾವಣಗೆರೆ ಮತ್ತು ಹುಬ್ಬಳ್ಳಿಗಳಲ್ಲಿ ಶಾಖೆ ಇರುವ ಸಂಸ್ಥೆಗೆ ಇದು ಸಣ್ಣ ಮಾತಲ್ಲ. ಐದು ಸ್ಥಳಗಳಲ್ಲಿ ಒಂದು ಹಿಂದೆ ಬಿದ್ದರೂ ಅಲ್ಲಿಂದ ಹೊರಡುವ ಬಿಲ್ಲು ತಪ್ಪಾಗುತ್ತದೆ. ಹೆಚ್ಚು ವಸೂಲಿಯಾದ ತೆರಿಗೆಯನ್ನು ಸರ್ಕಾರಕ್ಕೆ ಕಟ್ಟಲೇಬೇಕು. ಕಡಿಮೆ ವಸೂಲಿಯಾದರೆ ವ್ಯತ್ಯಾಸವನ್ನು ಕೈಯಿಂದ ತುಂಬಬೇಕು. ಎರಡರಲ್ಲಿಯೂ ನಷ್ಟ ವರ್ತಕನದೇ.

ಇಂತಹ ಸಂದರ್ಭಗಳು ಅಪರೂಪವೂ ಅಲ್ಲ. 2005ರ ಏಪ್ರಿಲ್ 1ರಂದು ರಾಜ್ಯದಲ್ಲಿ ಮೌಲ್ಯವರ್ಧಿತ ತೆರಿಗೆ ಬಂದಿತು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಬಂದಿತು. ಇ-ಇನ್‌ವಾಯ್ಸ್ ಕಡ್ಡಾಯವಾಗುವ ವಾರ್ಷಿಕ ವಹಿವಾಟಿನ ಮಿತಿಯು 2020ರ ಅಕ್ಟೋಬರ್‌ನಲ್ಲಿ 500 ಕೋಟಿ ರೂಪಾಯಿಗಳಿದ್ದುದು ಹಂತಹಂತವಾಗಿ ಇಳಿದು 2023ರ ಆಗಸ್ಟ್ 1ರ ವೇಳೆಗೆ 5 ಕೋಟಿಗೆ ಬಂದು ನಿಂತಿತು. ಲೆಕ್ಕಪತ್ರದ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯ ಜಾಡನ್ನು ದಾಖಲಿಸಬೇಕೆಂಬ ನಿಯಮವು 2023ರ ಏಪ್ರಿಲ್ 1ರಿಂದ ಕಂಪನಿಗಳಿಗೆ ಅನ್ವಯವಾಯಿತು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ಪ್ರತಿಯೊಂದು ದಿನಾಂಕವೂ ಎಲ್ಲ ಶಾಖೆಗಳ ಎಲ್ಲ ಯಂತ್ರಗಳಿಗೆ ಹೊಸ ತಂತ್ರಾಂಶವನ್ನು ಕಾಲಕ್ಕೆ ಸರಿಯಾಗಿ ತಲುಪಿಸುವ ಹೊಣೆಯನ್ನು ಉದ್ಯಮಿಯ ಹೆಗಲಿಗೆ ಏರಿಸಿದೆ.

ಈ ಹೊಣೆ ಎದುರಾದಾಗ ಸಾಮಾನ್ಯವಾಗಿ ದೊರೆಯುವ ಸಲಹೆ ಒಂದೇ: ಹೆಚ್ಚು ವೇಗದ ಅಂತರಜಾಲ ಸಂಪರ್ಕವನ್ನು ಕೊಳ್ಳಿರಿ. ಈ ಸಲಹೆ ತಪ್ಪಲ್ಲದಿದ್ದರೂ ಅಪೂರ್ಣವಾದುದು. ಹಣ ಖರ್ಚು ಮಾಡುವುದಕ್ಕೆ ಮೊದಲು ಮಾಡಬೇಕಾದ ಕೆಲಸವೊಂದಿದೆ. ಯಾವ ಯಂತ್ರಗಳು ಒಂದೇ ಜಾಲದ ಗಡಿಯೊಳಗಿವೆ, ಅವು ತಮ್ಮ ತಂತ್ರಾಂಶವನ್ನು ಎಲ್ಲಿಂದ ಪಡೆಯಬೇಕು, ಆ ಮೂಲ ಕೈಕೊಟ್ಟರೆ ಎರಡನೆಯ ಮೂಲ ಯಾವುದು ಎಂಬುದನ್ನು ಕಾಗದದ ಮೇಲೆ ನಿರ್ಧರಿಸುವುದೇ ಆ ಕೆಲಸ.

ಗೋದಾಮಿನ ಲೆಕ್ಕವೇ ಜಾಲದ ಲೆಕ್ಕ

ವರ್ತಕರಿಗೆ ಈ ತರ್ಕ ಹೊಸದಲ್ಲ. ಹುಬ್ಬಳ್ಳಿಯ ಹನ್ನೆರಡು ಗಿರಾಕಿಗಳಿಗೆ ಒಂದೇ ಬಗೆಯ ಸರಕು ಬೇಕಾದಾಗ ಬೆಂಗಳೂರಿನಿಂದ ಹನ್ನೆರಡು ಲಾರಿಗಳನ್ನು ಯಾರೂ ಕಳುಹಿಸುವುದಿಲ್ಲ. ಒಂದು ಲಾರಿಯಲ್ಲಿ ಸರಕು ಹೋಗಿ ಅಲ್ಲಿಯ ಗೋದಾಮಿನಲ್ಲಿ ಇಳಿಯುತ್ತದೆ; ಅಲ್ಲಿಂದ ಹಂಚಿಕೆಯಾಗುತ್ತದೆ. ಆದರೆ ತಂತ್ರಾಂಶದ ವಿಷಯದಲ್ಲಿ ಅದೇ ವರ್ತಕರು ಅರಿವಿಲ್ಲದೆಯೇ ಹನ್ನೆರಡು ಲಾರಿಗಳನ್ನು ಕಳುಹಿಸುತ್ತಿದ್ದಾರೆ.

ಉದಾಹರಣೆಗೆ, ಶಾಖೆಯೊಂದರಲ್ಲಿ 12 ಯಂತ್ರಗಳಿದ್ದು, ಪ್ರತಿಯೊಂದಕ್ಕೂ 600 ಮೆಗಾಬೈಟ್ ಗಾತ್ರದ ಪರಿಷ್ಕರಣೆ ಬೇಕೆಂದು ಇಟ್ಟುಕೊಳ್ಳಬಹುದು. ಶಾಖೆಯ ಸಂಪರ್ಕ 2 ಎಂ.ಬಿ.ಪಿ.ಎಸ್. ವೇಗದ್ದಾದರೆ, ಪ್ರತಿ ಯಂತ್ರವೂ ಪ್ರತ್ಯೇಕವಾಗಿ ಇಳಿಸಿಕೊಳ್ಳುವಾಗ ಒಟ್ಟು 8 ಗಂಟೆಗಳ ಕಾಲ ಆ ಸಂಪರ್ಕ ಪೂರ್ಣ ಭರ್ತಿಯಾಗಿರುತ್ತದೆ. ಒಂದು ಪ್ರತಿ ಮಾತ್ರ ಬಂದು, ಉಳಿದ ಹನ್ನೊಂದು ಯಂತ್ರಗಳು ಅದನ್ನು ಶಾಖೆಯೊಳಗಿನ ಜಾಲದಿಂದಲೇ ಪಡೆದರೆ 40 ನಿಮಿಷ ಸಾಕು. ಸಂಪರ್ಕವನ್ನು 10 ಎಂ.ಬಿ.ಪಿ.ಎಸ್.ಗೆ ಏರಿಸಿ ಹಳೆಯ ಪದ್ಧತಿಯನ್ನೇ ಮುಂದುವರಿಸಿದರೆ 96 ನಿಮಿಷ ಬೇಕು. ಎಂದರೆ, ಐದು ಪಟ್ಟು ವೇಗವನ್ನು ಕೊಂಡರೂ ಯೋಜನೆಯಿಲ್ಲದ ಶಾಖೆಯು ಯೋಜನೆಯಿರುವ ನಿಧಾನಗತಿಯ ಶಾಖೆಗಿಂತ ಹಿಂದೆಯೇ ಉಳಿಯುತ್ತದೆ. ಅಷ್ಟು ಹೊತ್ತು ಇ-ವೇ ಬಿಲ್ ತೆಗೆಯಲಾಗದೆ ಲಾರಿ ಬಾಗಿಲಲ್ಲೇ ನಿಂತರೆ ಅದರ ಬೆಲೆಯನ್ನು ಯಾವ ಪುಸ್ತಕದಲ್ಲಿಯೂ ಬರೆದಿಡುವುದಿಲ್ಲ.

ಗಡಿಗುಂಪು ಎಂದರೇನು?

ದೊಡ್ಡ ಸಂಸ್ಥೆಗಳು ಈ ಸಮಸ್ಯೆಗೆ ಬಹಳ ಹಿಂದೆಯೇ ಉತ್ತರ ಕಂಡುಕೊಂಡಿವೆ. ಮೈಕ್ರೋಸಾಫ್ಟ್ ಸಂಸ್ಥೆಯು 1994ರಲ್ಲಿ ಸಿಸ್ಟಮ್ಸ್ ಮ್ಯಾನೇಜ್‌ಮೆಂಟ್ ಸರ್ವರ್ ಎಂಬ ಹೆಸರಿನಿಂದ ಹೊರತಂದ, ಇಂದು ಕಾನ್ಫಿಗರೇಷನ್ ಮ್ಯಾನೇಜರ್ ಎಂದು ಕರೆಯಲ್ಪಡುವ ತಂತ್ರಾಂಶ ಈ ವರ್ಗಕ್ಕೆ ಸೇರಿದುದು. ಅದರ 2012ರ ಆವೃತ್ತಿಯಲ್ಲಿ ಬೌಂಡರಿ ಗ್ರೂಪ್, ಅಂದರೆ ಗಡಿಗುಂಪು, ಎಂಬ ವ್ಯವಸ್ಥೆ ಬಂದಿತು.

ಅದರ ಕಾರ್ಯವಿಧಾನ ಸರಳವಾಗಿದೆ. ಜಾಲದ ಒಂದು ಭಾಗವನ್ನು, ಸಾಮಾನ್ಯವಾಗಿ ಐ.ಪಿ. ವಿಳಾಸಗಳ ಒಂದು ಶ್ರೇಣಿಯನ್ನು, ಗಡಿ ಎಂದು ಗುರುತಿಸಲಾಗುತ್ತದೆ. ಒಂದು ಅಥವಾ ಹಲವು ಗಡಿಗಳನ್ನು ಸೇರಿಸಿ ಗುಂಪು ಮಾಡಲಾಗುತ್ತದೆ. ಆ ಗುಂಪಿಗೆ ಒಂದು ವಿತರಣಾ ಕೇಂದ್ರವನ್ನು ಗೊತ್ತುಪಡಿಸಲಾಗುತ್ತದೆ. ಯಂತ್ರವು ತನ್ನ ವಿಳಾಸವನ್ನು ತಿಳಿಸಿದೊಡನೆ ಅದು ಯಾವ ಗುಂಪಿಗೆ ಸೇರಿದೆ, ತಂತ್ರಾಂಶವನ್ನು ಎಲ್ಲಿಂದ ಪಡೆಯಬೇಕು ಎಂಬುದು ನಿಶ್ಚಯವಾಗುತ್ತದೆ. ಸ್ವಂತ ಕೇಂದ್ರ ದೊರೆಯದಿದ್ದರೆ ಸಂಬಂಧ ಕಲ್ಪಿಸಿದ ನೆರೆಯ ಗುಂಪಿನ ಕೇಂದ್ರಕ್ಕೆ ಹೋಗಬಹುದು; ಹಾಗೆ ಹೋಗುವ ಮುನ್ನ ಕಾಯಬೇಕಾದ ಅವಧಿ, ಬದಲಾಯಿಸದ ಹೊರತು, 120 ನಿಮಿಷ.

ಸಣ್ಣ ಉದ್ಯಮಿಗಳು ಈ ದುಬಾರಿ ತಂತ್ರಾಂಶವನ್ನೇ ಕೊಳ್ಳಬೇಕಿಲ್ಲ. ಕೊಳ್ಳಬೇಕಾದುದು ಅದರ ಹಿಂದಿನ ವಿವೇಕವನ್ನು ಮಾತ್ರ. ಅದಕ್ಕೆ ಪರವಾನಗಿ ಶುಲ್ಕವಿಲ್ಲ. ವಿಂಡೋಸ್ 10 ಮತ್ತು 11ರಲ್ಲಿ ಡೆಲಿವರಿ ಆಪ್ಟಿಮೈಸೇಷನ್ ಎಂಬ ಸೌಲಭ್ಯ ಅಂತರ್ಗತವಾಗಿದೆ. ಒಂದು ಯಂತ್ರ ಇಳಿಸಿಕೊಂಡ ಮೈಕ್ರೋಸಾಫ್ಟ್ ಪರಿಷ್ಕರಣೆಯನ್ನು ಅದೇ ಸ್ಥಳೀಯ ಜಾಲದ ಇತರ ಯಂತ್ರಗಳು ಅದರಿಂದ ಪಡೆಯಬಲ್ಲವು. ಬಿಲ್ಲಿಂಗ್ ತಂತ್ರಾಂಶದಂತಹ ಇತರ ತಂತ್ರಾಂಶಗಳಿಗೆ ಪ್ರತಿ ಶಾಖೆಯ ಒಂದು ಯಂತ್ರದಲ್ಲಿ ಹಂಚಿಕೆಯ ಕಡತಕೋಶವನ್ನು ಇರಿಸಿದರೆ ಸಾಕು. ಅದರಲ್ಲಿ ಬರೆಯುವ ಅಧಿಕಾರ ಪ್ರಧಾನ ಕಚೇರಿಗೆ ಮಾತ್ರ ಇರಬೇಕು. ಶಾಖೆಯ ಯಂತ್ರಗಳಿಗೆ ಓದುವ ಅಧಿಕಾರವಷ್ಟೇ ಸಾಕು. ಈ ಎಚ್ಚರಿಕೆ ತಪ್ಪಿದರೆ ಹಂಚಿಕೆಯ ದಾರಿಯೇ ವೈರಸ್‌ನ ದಾರಿಯೂ ಆದೀತು.

ಎಲ್ಲ ಅಂಗಡಿಗಳಿಗೂ ಒಂದೇ ವಿಳಾಸ

ಯೋಜನೆಗೆ ಎದುರಾಗುವ ಮೊದಲ ಅಡಚಣೆ ತೀರ ಸಾಮಾನ್ಯವಾದುದು. ಅಂಗಡಿಗಳಿಗೆ ಅಳವಡಿಸುವ ರೌಟರ್‌ಗಳಲ್ಲಿ ಹಲವು 192.168.1 ಎಂಬ ಒಂದೇ ವಿಳಾಸ ಶ್ರೇಣಿಯೊಂದಿಗೆ ಕಾರ್ಖಾನೆಯಿಂದ ಬರುತ್ತವೆ. ಅಳವಡಿಸಿದವರು ಅದನ್ನು ಹಾಗೆಯೇ ಬಿಟ್ಟು ಹೋದರೆ, ಮಾಮೂಲ್‌ಪೇಟೆಯ ಯಂತ್ರದ ವಿಳಾಸವೂ ಹುಬ್ಬಳ್ಳಿಯ ಯಂತ್ರದ ವಿಳಾಸವೂ ಒಂದೇ ಆಗುತ್ತದೆ. ಪ್ರತ್ಯೇಕವಾಗಿರುವಷ್ಟು ದಿನ ತೊಂದರೆ ಕಾಣದು. ಎರಡನ್ನೂ ಒಂದೇ ಜಾಲಕ್ಕೆ ಜೋಡಿಸಿದೊಡನೆ ಯಾವುದು ಎಲ್ಲಿಯದು ಎಂಬುದೇ ತಿಳಿಯದಂತಾಗುತ್ತದೆ. ಎಲ್ಲ ಅಂಗಡಿಗಳಿಗೂ ಒಂದೇ ಬಾಗಿಲ ಸಂಖ್ಯೆಯಿರುವ ಬೀದಿಯಲ್ಲಿ ಅಂಚೆಯವನು ಪತ್ರ ಹಂಚಲಾರ.

ಆದುದರಿಂದ ಮೊದಲ ಹೆಜ್ಜೆಯೆಂದರೆ ಪ್ರತಿ ಸ್ಥಳಕ್ಕೂ ಬೇರೆ ಬೇರೆ ಶ್ರೇಣಿಯನ್ನು ಗೊತ್ತುಪಡಿಸುವುದು: ಪ್ರಧಾನ ಮಳಿಗೆಗೆ 10.1.1, ಪೀಣ್ಯದ ಘಟಕಕ್ಕೆ 10.1.2, ಗೋದಾಮಿಗೆ 10.1.3 ಎಂಬಂತೆ. ಇದಕ್ಕೆ ಹೊಸ ಉಪಕರಣ ಬೇಡ. ತಿಳಿದವರೊಬ್ಬರ ಒಂದೆರಡು ದಿನದ ಶ್ರಮ ಸಾಕು. ಐದು ಶಾಖೆಗಳಿರುವಾಗ ಇದನ್ನು ಮಾಡುವುದು ಸುಲಭ. ಹದಿನೈದಾದ ಮೇಲೆ ಮಾಡುವುದು ಕಷ್ಟ.

ಆಡಳಿತದ ನಕ್ಷೆ ಬೇರೆ, ಸಂಪರ್ಕದ ನಕ್ಷೆ ಬೇರೆ

ಎರಡನೆಯ ತಪ್ಪು ಗಡಿಯನ್ನು ಆಡಳಿತದ ಅನುಕೂಲಕ್ಕೆ ತಕ್ಕಂತೆ ಎಳೆಯುವುದು. ಬೆಂಗಳೂರಿನ ಹಳೆಯ ಪೇಟೆ ಈ ವಿಷಯದಲ್ಲಿ ಒಳ್ಳೆಯ ಪಾಠವಾಗಿದೆ. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ ಎಂಬ ಹೆಸರುಗಳು ಅಧಿಕಾರದ ವಿಂಗಡಣೆಯಿಂದ ಬಂದವಲ್ಲ. ಯಾವ ಸರಕು ಎಲ್ಲಿ ಇಳಿಯುತ್ತಿತ್ತು, ಯಾವ ಕಸುಬಿನವರು ಎಲ್ಲಿ ನೆಲೆಸಿದ್ದರು ಎಂಬುದರಿಂದ ಬಂದವು. ಜಾಲದ ಗಡಿಯನ್ನೂ ಹಾಗೆಯೇ, ಮಾಹಿತಿ ನಿಜವಾಗಿ ಸಾಗುವ ದಾರಿಯನ್ನು ನೋಡಿ ಎಳೆಯಬೇಕು.

ಆಡಳಿತದ ಪಟ್ಟಿಯಲ್ಲಿ ಮಾಮೂಲ್‌ಪೇಟೆಯ ಮಳಿಗೆ, ಪೀಣ್ಯದ ಘಟಕ, ನೆಲಮಂಗಲದ ಗೋದಾಮು ಮೂರೂ ‘ಬೆಂಗಳೂರು ವಿಭಾಗ’ ಎಂಬ ಶೀರ್ಷಿಕೆಯಡಿ ಬರಬಹುದು. ಆದರೆ ಅವುಗಳ ನಡುವಿನ ಸಂಪರ್ಕ ಹುಬ್ಬಳ್ಳಿಗೆ ಹೋಗುವ ಸಂಪರ್ಕದಷ್ಟೇ ಕಿರಿದಾಗಿದ್ದರೆ ಮೂರೂ ಪ್ರತ್ಯೇಕ ಗುಂಪುಗಳೇ ಆಗಬೇಕು.

ನೆರೆಹೊರೆಯ ವಿಷಯದಲ್ಲಿಯೂ ಭೂಪಟ ದಾರಿ ತಪ್ಪಿಸುತ್ತದೆ. ಹುಬ್ಬಳ್ಳಿಗೆ ಬೆಂಗಳೂರಿಗಿಂತ ದಾವಣಗೆರೆ ಹತ್ತಿರ. ಆದುದರಿಂದ ಹುಬ್ಬಳ್ಳಿಯ ಕೇಂದ್ರ ಕೈಕೊಟ್ಟಾಗ ದಾವಣಗೆರೆಯಿಂದ ಪಡೆಯಲಿ ಎಂದು ಯಾರಿಗಾದರೂ ಅನಿಸುವುದು ಸಹಜ. ಆದರೆ ಎರಡೂ ಶಾಖೆಗಳು ಬೆಂಗಳೂರಿಗೆ ಮಾತ್ರ ಜೋಡಣೆಯಾಗಿದ್ದರೆ ದಾವಣಗೆರೆಯಿಂದ ಹೊರಟ ಕಡತವು ಮೊದಲು ಬೆಂಗಳೂರಿಗೆ ಬಂದು ಅಲ್ಲಿಂದ ಹುಬ್ಬಳ್ಳಿಗೆ ಹೋಗುತ್ತದೆ. ಎರಡು ಕಿರಿದಾದ ಸಂಪರ್ಕಗಳು ಒಂದೇ ಕಡತಕ್ಕಾಗಿ ಭರ್ತಿಯಾಗುತ್ತವೆ. ಅಲ್ಲಿ ಹುಬ್ಬಳ್ಳಿಯ ನೆರೆಯೆಂದರೆ ಬೆಂಗಳೂರೇ ಹೊರತು ದಾವಣಗೆರೆಯಲ್ಲ.

ಇದೇ ಕಾರಣದಿಂದ ಮತ್ತೊಂದು ತೊಡಕು ಹುಟ್ಟುತ್ತದೆ. ಭದ್ರತೆಯ ದೃಷ್ಟಿಯಿಂದ ಕೆಲವು ಸಂಸ್ಥೆಗಳು ಎಲ್ಲ ಶಾಖೆಗಳ ಅಂತರಜಾಲ ಬಳಕೆಯನ್ನೂ ಪ್ರಧಾನ ಕಚೇರಿಯ ಮೂಲಕವೇ ಹಾಯಿಸುತ್ತವೆ. ಆಗ ಹೊರಗಿನಿಂದ ನೋಡಿದರೆ ಎಲ್ಲ ಯಂತ್ರಗಳೂ ಒಂದೇ ವಿಳಾಸದಲ್ಲಿರುವಂತೆ ತೋರುತ್ತವೆ. ಡೆಲಿವರಿ ಆಪ್ಟಿಮೈಸೇಷನ್ ಸೌಲಭ್ಯವು ಅವನ್ನೆಲ್ಲ ಒಂದೇ ಕಟ್ಟಡದವೆಂದು ತಿಳಿದು, ಹುಬ್ಬಳ್ಳಿಯ ಯಂತ್ರವನ್ನು ಪೀಣ್ಯದ ಯಂತ್ರದಿಂದ ಕಡತ ಪಡೆಯಲು ಕಳುಹಿಸಬಹುದು. ಉಳಿತಾಯಕ್ಕಾಗಿ ಮಾಡಿದ ಏರ್ಪಾಡೇ ಹೊರೆಯಾಗುತ್ತದೆ. ಪ್ರತಿ ಶಾಖೆಗೂ ಪ್ರತ್ಯೇಕ ಗುಂಪು ಸಂಕೇತವನ್ನು ನೀಡುವುದೇ ಇದಕ್ಕೆ ಪರಿಹಾರ. ಮನೆಯಿಂದ ವಿ.ಪಿ.ಎನ್. ಮೂಲಕ ಕೆಲಸ ಮಾಡುವ ಲೆಕ್ಕಪತ್ರ ಸಿಬ್ಬಂದಿಯನ್ನೂ ಪ್ರತ್ಯೇಕ ಗುಂಪಾಗಿ ಪರಿಗಣಿಸಿ, ಅವರು ಪರಿಷ್ಕರಣೆಗಳನ್ನು ನೇರವಾಗಿ ಅಂತರಜಾಲದಿಂದ ಪಡೆಯುವಂತೆ ಮಾಡುವುದು ಲೇಸು.

ಸರ್ಕಾರದ ಅನುಭವ

ಕರ್ನಾಟಕ ಸರ್ಕಾರದ ಅನುಭವವೂ ಇದನ್ನೇ ಹೇಳುತ್ತದೆ. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ಪಹಣಿಗಳನ್ನು ಗಣಕೀಕರಿಸಿದಾಗ, ಪ್ರತಿ ತಾಲ್ಲೂಕು ಕಚೇರಿಯಲ್ಲಿಯೇ ಯಂತ್ರ, ತಂತ್ರಾಂಶ ಮತ್ತು ದಾಖಲೆಗಳನ್ನು ಇರಿಸಲಾಗಿತ್ತು. ಅಂದಿನ ಸಂಪರ್ಕದ ಸ್ಥಿತಿಯಲ್ಲಿ ರೈತನು ಬೆಂಗಳೂರಿನ ಉತ್ತರಕ್ಕಾಗಿ ಕಾಯುವಂತೆ ಮಾಡುವುದು ಸಾಧುವಾಗಿರಲಿಲ್ಲ. ಮುಂದೆ ಕೆ-ಸ್ವಾನ್ ಎಂಬ ರಾಜ್ಯವ್ಯಾಪಿ ಜಾಲವು ರಾಜ್ಯ ಕೇಂದ್ರ, ಜಿಲ್ಲೆ, ತಾಲ್ಲೂಕು ಎಂಬ ಹಂತಗಳಲ್ಲಿ ರೂಪುಗೊಂಡಿತು. ಸಂಪರ್ಕ ದುರ್ಬಲವಾಗಿದ್ದಾಗ ಸಾಮಗ್ರಿಯನ್ನು ಬಳಕೆದಾರನ ಬಳಿ ಇರಿಸುವುದು, ಸಂಪರ್ಕ ಬಲಗೊಂಡಂತೆ ಕೇಂದ್ರದತ್ತ ಸರಿಸುವುದು: ಈ ಕ್ರಮ ಖಾಸಗಿ ಉದ್ಯಮಕ್ಕೂ ಒಪ್ಪುತ್ತದೆ.

ತಡವೂ ಅಪಾಯ, ಆತುರವೂ ಅಪಾಯ

ತಂತ್ರಾಂಶ ವಿತರಣೆಯಲ್ಲಿ ತಡವಾದರೆ ಏನಾಗುತ್ತದೆ ಎಂಬುದಕ್ಕೆ 2017 ಸಾಕ್ಷಿ. ವಾನ್ನಾಕ್ರೈ ಎಂಬ ಸುಲಿಗೆ ವೈರಸ್ ಆ ವರ್ಷ ಮೇ 12ರಂದು ಜಗತ್ತಿನಾದ್ಯಂತ ಹಬ್ಬಿತು. ಅದು ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಪರಿಹಾರವನ್ನು ಬಿಡುಗಡೆ ಮಾಡಿತ್ತು. ಸುಮಾರು ಎರಡು ತಿಂಗಳ ಅವಧಿಯಲ್ಲಿ ಅದನ್ನು ಎಲ್ಲ ಯಂತ್ರಗಳಿಗೂ ತಲುಪಿಸಲಾಗದ ಸಂಸ್ಥೆಗಳು ಬೆಲೆ ತೆತ್ತವು.

ಆತುರದ ಫಲವನ್ನು 2024ರ ಜುಲೈ 19 ತೋರಿಸಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆಯ ದೋಷಪೂರ್ಣ ಪರಿಷ್ಕರಣೆಯು ಏಕಕಾಲಕ್ಕೆ ಎಲ್ಲೆಡೆಗೆ ಹೋದ ಪರಿಣಾಮವಾಗಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಸ್ಥಗಿತಗೊಂಡವು. ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸ್ ನೀಡಬೇಕಾಯಿತು. ಪರಿಷ್ಕರಣೆಗಳನ್ನು ಹಂತಹಂತವಾಗಿ ಬಿಡುಗಡೆ ಮಾಡುವುದಾಗಿ ಆ ಸಂಸ್ಥೆಯು ಬಳಿಕ ಪ್ರಕಟಿಸಿತು.

ಗುಂಪುಗಳು ಮೊದಲೇ ಗೊತ್ತಾಗಿದ್ದರೆ ಈ ಎರಡೂ ಅಪಾಯಗಳನ್ನು ನಿಭಾಯಿಸುವುದು ಸುಲಭ. ಮೊದಲು ಪ್ರಧಾನ ಕಚೇರಿಯ ಎರಡು ಯಂತ್ರಗಳು, ಮರುದಿನ ಒಂದು ಶಾಖೆ, ದೋಷ ಕಾಣದಿದ್ದರೆ ಉಳಿದ ಶಾಖೆಗಳು ಎಂಬ ಕ್ರಮವನ್ನು ಅನುಸರಿಸಬಹುದು. ಮಾಸಿಕ ವಿವರಪಟ್ಟಿ ಸಲ್ಲಿಸುವವರು ಜಿ.ಎಸ್.ಟಿ.ಆರ್.-1ರ ಗಡುವಾದ 11ನೆಯ ತಾರೀಖು ಮತ್ತು ಜಿ.ಎಸ್.ಟಿ.ಆರ್.-3ಬಿಯ ಗಡುವಾದ 20ನೆಯ ತಾರೀಖಿನ ಹಿಂದಿನ ಎರಡು ಮೂರು ದಿನಗಳಲ್ಲಿ, ಕಾನೂನಿನ ಒತ್ತಾಯವಿಲ್ಲದ ಯಾವ ಬದಲಾವಣೆಗೂ ಕೈಹಾಕಬಾರದು.

ವೇಳೆಯ ಬಗೆಗೂ ಒಂದು ಮಾತು. ಪರಿಷ್ಕರಣೆಗಳು ರಾತ್ರಿ ನಡೆಯಲಿ ಎಂಬುದು ತಂತ್ರಜ್ಞರ ಸಾಮಾನ್ಯ ಸಲಹೆ. ಆದರೆ ಪೇಟೆಯ ಅಂಗಡಿಗಳಲ್ಲಿ ಬಾಗಿಲು ಹಾಕುವಾಗ ಮುಖ್ಯ ಸ್ವಿಚ್ಚನ್ನೇ ಆರಿಸುವುದು ರೂಢಿ. ಅಗ್ನಿ ಅನಾಹುತದ ಭಯವಿರುವ ಇಕ್ಕಟ್ಟಾದ ಬೀದಿಗಳಲ್ಲಿ ಅದು ವಿವೇಕದ ಕ್ರಮವೂ ಹೌದು. ಅಲ್ಲಿ ರಾತ್ರಿಯ ಯೋಜನೆ ಕಾಗದದಲ್ಲಿಯೇ ಉಳಿಯುತ್ತದೆ. ವ್ಯಾಪಾರ ತಗ್ಗಿರುವ ಮಧ್ಯಾಹ್ನದ ಒಂದು ಗಂಟೆಯನ್ನು ಗೊತ್ತುಮಾಡಿ, ವೇಗದ ಮಿತಿಯನ್ನು ವಿಧಿಸಿ ಒಂದು ಪ್ರತಿಯನ್ನು ಇಳಿಸಿಕೊಳ್ಳುವುದೇ ಕಾರ್ಯಸಾಧ್ಯ.

ಆಕ್ಷೇಪಗಳು

ಇಂದು ಎಲ್ಲೆಡೆ ಫೈಬರ್ ಸಂಪರ್ಕ ಅಗ್ಗವಾಗಿರುವಾಗ ಇಷ್ಟೆಲ್ಲ ಲೆಕ್ಕಾಚಾರ ಏಕೆ ಎಂಬ ಆಕ್ಷೇಪ ಸಹಜ. ಫೈಬರ್ ಸಂಪರ್ಕ ಚೆನ್ನಾಗಿರುವ ಸ್ಥಳಗಳಲ್ಲಿ ವೇಗದ ಚಿಂತೆ ಕಡಿಮೆ ಎಂಬುದು ನಿಜ. ಆದರೆ ರಸ್ತೆ ಅಗೆತದಿಂದ ತಂತಿ ತುಂಡಾಗಿ, ಮೊಬೈಲ್ ಸಂಪರ್ಕವನ್ನು ನೆಚ್ಚಬೇಕಾಗಿ ಬರುವ ದಿನಗಳು ಪೇಟೆಯ ವರ್ತಕರಿಗೆ ಅಪರಿಚಿತವಲ್ಲ. ಯೋಜನೆ ಬೇಕಾಗುವುದು ಅಂತಹ ದಿನಗಳಿಗಾಗಿಯೇ. ಎಲ್ಲವೂ ಕ್ಲೌಡ್‌ಗೆ ಹೋದ ಮೇಲೆ ವಿತರಣೆಯ ಅಗತ್ಯವೇ ಇಲ್ಲವೆಂಬ ವಾದದಲ್ಲಿಯೂ ಅರ್ಧ ಸತ್ಯವಿದೆ. ಕ್ಲೌಡ್ ಬಳಸುವ ಯಂತ್ರಕ್ಕೂ ಕಾರ್ಯಾಚರಣಾ ವ್ಯವಸ್ಥೆ, ಬ್ರೌಸರ್, ಮುದ್ರಣಯಂತ್ರದ ತಂತ್ರಾಂಶ, ವೈರಸ್ ನಿರೋಧಕ ಇವೆಲ್ಲ ಬೇಕು, ಮತ್ತು ಅವೆಲ್ಲ ಕಾಲಕಾಲಕ್ಕೆ ಬದಲಾಗುತ್ತವೆ.

ಒಂದು ಸ್ಥಳದಲ್ಲಿ ಮೂರು ನಾಲ್ಕು ಯಂತ್ರಗಳಷ್ಟೇ ಇರುವ ವರ್ತಕರು ಈ ವ್ಯವಸ್ಥೆಗೆ ತಲೆಕೆಡಿಸಿಕೊಳ್ಳಬೇಕಿಲ್ಲವೆಂಬುದನ್ನು ಒಪ್ಪಲೇಬೇಕು. ಸ್ಥಳೀಯ ಜಾಲದ ಯಂತ್ರಗಳಿಂದ ಪರಿಷ್ಕರಣೆ ಪಡೆಯುವ ಅನುಮತಿಯನ್ನು ತೆರೆದಿಟ್ಟರೆ ಅವರಿಗೆ ಸಾಕು. ಎರಡಕ್ಕಿಂತ ಹೆಚ್ಚು ಸ್ಥಳಗಳಿದ್ದು, ಯಾವುದಾದರೂ ಒಂದರಲ್ಲಿ ಐದಾರು ಯಂತ್ರಗಳನ್ನು ಮೀರಿದವರಿಗೆ ಮಾತ್ರ ಯೋಜನೆ ಅನಿವಾರ್ಯ.

ಆಗಬೇಕಾದ ಕಾರ್ಯ

ಉದ್ಯಮಿಯು ಸ್ವತಃ ಮಾಡಬಹುದಾದುದು ಒಂದು ಹಾಳೆಯ ಕೆಲಸ. ಸ್ಥಳದ ಹೆಸರು, ಯಂತ್ರಗಳ ಸಂಖ್ಯೆ, ಸಂಪರ್ಕದ ಬಗೆ ಮತ್ತು ಅಳೆದು ನೋಡಿದ ವೇಗ, ವಿಳಾಸ ಶ್ರೇಣಿ, ಪ್ರತಿಯನ್ನು ಇರಿಸುವ ಯಂತ್ರ, ಅದು ಕೈಕೊಟ್ಟಾಗ ಎರಡನೆಯ ಮೂಲ, ಜವಾಬ್ದಾರಿ ಹೊತ್ತ ನೌಕರ ಎಂಬ ಏಳು ಅಂಕಣಗಳನ್ನು ಪ್ರತಿ ಸ್ಥಳಕ್ಕೂ ತುಂಬಬೇಕು. ತುಂಬಲಾಗದ ಅಂಕಣ ಯಾವುದೋ ಅದೇ ಮುಂದಿನ ತೊಂದರೆಯ ಮೂಲ. ಈ ಹಾಳೆಯು ಹೊರಗಿನ ತಂತ್ರಜ್ಞರ ಬಳಿ ಮಾತ್ರ ಇರದೆ ಮಾಲೀಕರ ಕಪಾಟಿನಲ್ಲಿಯೂ ಇರಬೇಕು.

ತಂತ್ರಾಂಶ ಮಾರಾಟಗಾರರೂ ತಮ್ಮ ಪಾಲನ್ನು ನಿರ್ವಹಿಸಬೇಕು. ಪ್ರತಿ ಯಂತ್ರದ ಮುಂದೆ ಕುಳಿತು ಗುಂಡಿ ಒತ್ತಬೇಕಾದ ಪರಿಷ್ಕರಣೆಗಳಿಗೆ ಬದಲಾಗಿ, ಒಮ್ಮೆ ಇಳಿಸಿಕೊಂಡು ಹಲವು ಕಡೆ ಅಳವಡಿಸಬಹುದಾದ ಕಡತವನ್ನು ಅವರು ನೀಡಬೇಕು. ಜಾಲವನ್ನು ಅಳವಡಿಸುವವರು ಅಂತಿಮ ಬಿಲ್ಲಿನ ಜೊತೆಗೆ ವಿಳಾಸಗಳ ನಕ್ಷೆಯನ್ನೂ ಒಪ್ಪಿಸುವುದು ಕರಾರಿನ ಭಾಗವಾಗಬೇಕು.

ವಾಣಿಜ್ಯ ಸಂಘಗಳು ಇಂತಹ ಮಾದರಿ ಹಾಳೆಯನ್ನು ಕನ್ನಡದಲ್ಲಿ ಸಿದ್ಧಪಡಿಸಿ ಸದಸ್ಯರಿಗೆ ಹಂಚಬೇಕು. ಪೇಟೆಯಲ್ಲಿಯೇ ಅರ್ಧ ದಿನದ ಶಿಬಿರಗಳನ್ನು ನಡೆಸಬೇಕು. ದರ ಅಥವಾ ನಮೂನೆಯ ಬದಲಾವಣೆಗೆ 19 ದಿನಗಳು ಸಾಲವೆಂಬುದನ್ನು ಸರ್ಕಾರಕ್ಕೆ ಮನವರಿಕೆ ಮಾಡಿಕೊಡುವ ಹೊಣೆಯೂ ಅವುಗಳದೇ. ಗ್ರಾಹಕನಿಗೆ ಲಾಭವಾಗುವ ತೆರಿಗೆ ಕಡಿತವನ್ನು ಮುಂದೂಡಿರೆಂದು ಕೇಳುವುದು ಉಚಿತವಲ್ಲ; ಆದರೆ ಅಂತಹ ಸಂದರ್ಭಗಳಲ್ಲಿ ಮೊದಲ ಕೆಲವು ವಾರಗಳ ಪ್ರಾಮಾಣಿಕ ತಪ್ಪುಗಳಿಗೆ ದಂಡ ವಿಧಿಸದಿರುವಂತೆ ಕೇಳುವುದು ನ್ಯಾಯವಾದ ಬೇಡಿಕೆ. ತನ್ನ ಯಂತ್ರಗಳ ಪಟ್ಟಿ, ಗಡಿಗಳ ನಕ್ಷೆ ಮತ್ತು ವಿತರಣೆಯ ವೇಳಾಪಟ್ಟಿಯನ್ನು ಮುಂದಿಟ್ಟು ಮಾತನಾಡುವ ವರ್ತಕ ಸಮುದಾಯದ ಅಂತಹ ಬೇಡಿಕೆಗೆ ತೂಕವೂ ಹೆಚ್ಚು.